ಇನ್ನಾಸಪ್ಪನವರ ವಿಕ್ಟರ್

ಇಪ್ಪತ್ತೊಂದು ಸಾವಿರ ಎಣಿಸಿಕೊಟ್ಟೆ.
ಅವರೂ ಎರಡು ಸಲ ಎಣಿಸಿದರು,
ಒಂದೊಂದು ನೋಟನ್ನೂ ರೆಪ್ಪೆಗೆ ತಾಗುವಷ್ಟು ಹತ್ತಿರ ಹಿಡಿದು.
ಅದಕ್ಕೇ ಮಾರುತ್ತಿದ್ದದ್ದು.
"ಹೆಣ್ಣೂರು ಸಿಗ್ನಲ್ಲಲ್ಲಿ ಹಸಿರೂ ಕೆಂಪೂ
ಒಂದೇ ಥರ ಕಂಡ ದಿನ ನಿಲ್ಲಿಸಿಬಿಟ್ಟೆ, ಮೇಡಂ."
ಬೀಗದ ಕೈಯ ಹಲ್ಲು ಎಷ್ಟು ಸವೆದಿತ್ತೆಂದರೆ
ನಮ್ಮನೆ ಬೀರುವನ್ನೂ ತೆಗೆಯುತ್ತಿತ್ತೇನೋ.

ನನ್ನ ಕಸುಬು ಮಂಡಿ, ಸೊಂಟ, ಹೆಗಲು.
ಕಾಕ್ಸ್ ಟೌನಿನಿಂದ ಕಲ್ಯಾಣನಗರದವರೆಗೆ
ಮನೆ ಮನೆ ಹತ್ತಿ, ಬಿದ್ದವರನ್ನು ಮತ್ತೆ ನಡೆಸುವುದು.
ಬಾಗಿಲು ತೆಗೆಯಲು ಬರುವ ನಾಲ್ಕು ಹೆಜ್ಜೆಯಲ್ಲೇ
ಯಾವ ಕಾಲನ್ನು ಕಾಯುತ್ತಿದ್ದಾರೆ ಅಂತ ಗೊತ್ತಾಗುತ್ತದೆ.
ಹಾಗಾಗಿ ಮೊದಲ ಭಾನುವಾರ
ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿ
ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ.

ಹಾರನ್ನಿನ ಗುಂಡಿ ಸವೆದು ಬೋಳಾಗಿದೆ.
ಬ್ರೇಕಿನ ಪೆಡಲಿಗೆ ಗೀರುಗಳು ಇನ್ನೂ ಇವೆ, ಅಂಗಡಿಯಿಂದ ಬಂದ ಹಾಗೆ.
ಅಂದರೆ ಮನುಷ್ಯ ಕೂಗಿ ದಾರಿ ಬಿಡಿಸಿಕೊಳ್ಳುವ ಪೈಕಿ,
ನಿಲ್ಲುವ ಪೈಕಿ ಅಲ್ಲ.
ಸೀಟಿನ ಹಿಂದಿನ ಅರ್ಧ ಎಡಕ್ಕೆ ತಗ್ಗು:
ಇಪ್ಪತ್ತು ವರ್ಷ ಒಬ್ಬರು
ಒಂದೇ ಕಡೆ ಕಾಲು ಇಳಿಬಿಟ್ಟು ಕೂತ ಗುರುತು.
ಸೀರೆಗಾರ್ಡಿನ ಸಂದಿಯಲ್ಲಿ ನೇರಳೆ ಬಣ್ಣದ ಒಂದು ಎಳೆ
ಗ್ರೀಸಿನಲ್ಲಿ ಕಂತಿ ಕೂತಿದೆ.
ಎಳೆದೆ. ಬರಲಿಲ್ಲ. ಬಿಟ್ಟೆ.

ಕನ್ನಡಿಗಳು ಅವರ ಎತ್ತರಕ್ಕೆ ತುಕ್ಕು ಹಿಡಿದಿವೆ.
ಎರಡು ವಾರ ನನ್ನ ಹಿಂದೆ ಬಂದದ್ದು
ಆಕಾಶ, ಕೇಬಲ್ಲು, ಒಮ್ಮೆ ಒಂದು ವಿಮಾನ.

ಪೆಟ್ರೋಲಿನ ಮುಳ್ಳು ಸದಾ ಅರ್ಧಕ್ಕೇ ನಿಂತಿರುತ್ತದೆ,
ನೋವೇ ಇಲ್ಲ ಅನ್ನುವ ಕೆಲವು ಪೇಷಂಟುಗಳ ಹಾಗೆ.
ನಂಬಿ ಕೆಟ್ಟದ್ದು ಲಿಂಗರಾಜಪುರದ ಫ್ಲೈಓವರಿನ ನೆತ್ತಿಯಲ್ಲಿ.
ಹಿಂದೆ ನೀರಿನ ಟ್ಯಾಂಕರು, ಅದರ ಹಿಂದೆ ಊರಿಗೂರೇ.
ಈಗ ಹ್ಯಾಂಡಲ್ ಹಿಡಿದು ಗಾಡಿಯನ್ನೇ ಅಲುಗಿಸಿ
ಟ್ಯಾಂಕಿಗೆ ಕಿವಿಗೊಡುತ್ತೇನೆ, ತೆಂಗಿನಕಾಯಿ ಆರಿಸುವವಳಂತೆ.
ನ್ಯೂಟ್ರಲ್ಲು ಕೇಳಿದಾಗ ಸಿಗುವುದಿಲ್ಲ.
ಒಂದಕ್ಕೂ ಎರಡಕ್ಕೂ ನಡುವೆ ಎಲ್ಲೋ ಇದೆ.
ಕಾಲ್ಬೆರಳಲ್ಲಿ, ಬೇಕಾಗಿಯೇ ಇಲ್ಲ ಅನ್ನುವ ಹಾಗೆ ತಳ್ಳಬೇಕು.

ಕಾವಲ್ ಬೈರಸಂದ್ರದ ನೂರುಲ್ಲಾ
ತಲೆ ವಾರೆ ಮಾಡಿ ಇಂಜಿನ್ನಿನ ಸದ್ದು ಕೇಳಿದ.
ನಲವತ್ತು ದಾಟಿದರೆ ಬಲಗಡೆ ಟಕ್ ಟಕ್ ಅನ್ನುತ್ತಲ್ಲ, ಅದೇನು?
"ಕಾಯಿಲೆ ಅಲ್ಲ ಅಕ್ಕ, ಅಭ್ಯಾಸ."
ಅಷ್ಟು ಹೇಳಿದ್ದಕ್ಕೆ ನೂರೈವತ್ತು ತಗೊಂಡ.
"ಸೀರೆಗಾರ್ಡ್ ಬಿಚ್ಚಿಬಿಡಲಾ? ನೀವು ಪ್ಯಾಂಟ್ ತಾನೇ ಹಾಕೋದು?"
ಇರಲಿ ಅಂದೆ.
ಯಾಕೆಂದು ಕೇಳಲಿಲ್ಲ ಪುಣ್ಯಾತ್ಮ,
ಕೇಳಿದ್ದರೆ ಹೇಳುವುದಕ್ಕೆ ಏನೂ ಇರಲಿಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ, ಆರು ಗಂಟೆ.
ಆರು ಕಿಕ್, ಒಂಬತ್ತು ಕಿಕ್.
ಮೀನಖಂಡ ನಡುಗುತ್ತಿದೆ.
ಏಳಕ್ಕೆ ಫ್ರೇಜರ್ ಟೌನಿನಲ್ಲಿ
ಒಬ್ಬರ ಹೊಸ ಸೊಂಟ ನನಗಾಗಿ ಕಾಯುತ್ತಿದೆ.
ಆಗ ಫೋನು.
"ನಾನು ಇನ್ನಾಸಪ್ಪ, ಕಮ್ಮನಹಳ್ಳಿ. ಇವತ್ತು ಚಳಿ ಜಾಸ್ತಿ.
ಚೋಕ್ ಎಳೆದ್ರಾ?
ಎಳೆದು, ಬೀಗ ತಿರುಗಿಸದೆ ಎರಡು ಸಲ ಸುಮ್ನೆ ತುಳೀರಿ.
ಆಮೇಲೆ ತಿರುಗಿಸಿ."
ಸುಮ್ಮನೆ ತುಳಿದೆ. ತಿರುಗಿಸಿದೆ.
ಒಂದೇ ಏಟಿಗೆ ಹಿಡಿಯಿತು.
ಗೇಟಿನ ಬಳಿ ಮಲಗಿದ್ದ ನಾಯಿ ಎದ್ದು ಜಾಗ ಬದಲಾಯಿಸಿತು.

"ಸ್ವಲ್ಪ ಕೇಳಿಸ್ತೀರಾ?" ಅಂದರು.
ಬಗ್ಗಿ ಫೋನನ್ನು ಇಂಜಿನ್ನಿನ ಪಕ್ಕ ಹಿಡಿದೆ,
ಬೆರಳು ಬಿಸಿಯಾಗುವವರೆಗೆ.
ಮತ್ತೆ ಕಿವಿಗಿಟ್ಟುಕೊಂಡಾಗ ಆ ಕಡೆ
ಪಾತ್ರೆಯ ಸದ್ದು, ಒಬ್ಬ ಹೆಂಗಸಿನ ದನಿ:
"ಯಾರ್ರೀ ಅದು, ಇಷ್ಟು ಬೆಳಗ್ಗೆ?"
"ಗಾಡಿ," ಅಂದರು ಅವರು.

ಆಮೇಲೆ ನನಗೆ:
"ಬಲಗಡೆ ಟಕ್ ಟಕ್ ಅಂತಿದೆಯಲ್ಲ?"
ಅದು ಅಭ್ಯಾಸ ಅಂತೆ ಸಾರ್, ಅಂದೆ.
"ಯಾವನು ಹೇಳಿದ್ದು?
ಟ್ಯಾಪೆಟ್ ಸಡಿಲ. ನೋಡಿಸಿ."