ಎರಡನೆಯ ಭಾಗದ ಸೇತುವೆ

ಡಬ್ಬಿಯ ಮೇಲೆ ಜಪಾನಿ ಅಕ್ಷರ. ಓದಲು ಬಾರದೆ
ನಾವೇ ಇಟ್ಟುಕೊಂಡ ಹೆಸರು: ಬೂದಿಕತ್ತಿ.
ಸಾಲಗಾಮೆ ರಸ್ತೆಯ ಇಲಿಯಾಸಣ್ಣನ ಪಾರ್ಲರಿನಲ್ಲಿ
ಗಂಟೆಗೆ ಹದಿನೈದು ರೂಪಾಯಿ,
ಕರೆಂಟು ಹೋದಷ್ಟು ನಿಮಿಷ ವಾಪಸು.
ಆ ಲೆಕ್ಕದಲ್ಲಿ ಮಾತ್ರ ಅವನು ದೇವರಂಥವನು.

ಮೊದಲ ಭಾಗದಲ್ಲಿ ಮೂರೇ ಏಟು:
ಮೇಲಿಂದೊಂದು, ಪಕ್ಕಕ್ಕೊಂದು, ಚುಚ್ಚುವುದೊಂದು.
ತಡೆಯುವ ಗುಂಡಿ ಅರ್ಧ ಕೆಲಸ ಮಾಡುತ್ತಿತ್ತು; ದೋಷ ಆಟದ್ದೋ
ಇಲಿಯಾಸಣ್ಣನ ರಿಮೋಟಿನದೋ, ಇಂದಿಗೂ ತಿಳಿಯದು.
ಪಕ್ಕದ ಕೆಲಸ ಅಂತ ಅದರಲ್ಲಿದ್ದದ್ದು ಒಂದು:
ಬಾವಿಕಟ್ಟೆಯ ಕುರುಡ ನೀರು ಕೇಳುತ್ತಾನೆ.
ಸೇದಿಕೊಟ್ಟರೆ ಕುಡಿಯುತ್ತಾನೆ. ಅಷ್ಟೇ.
ನಾಣ್ಯವಿಲ್ಲ, ಕವಚವಿಲ್ಲ, ಒಂದು ಮಾತೂ ಇಲ್ಲ.
ಮೋಸ ಅಂದ ಯತಿರಾಜ.
ನಾನು ಹೊಸದಾಗಿ ಶುರುಮಾಡಿದಾಗೆಲ್ಲ
ಹದಿನೈದರಲ್ಲಿ ಎರಡು ರೂಪಾಯಿ
ಅವನ ಬಾಯಾರಿಕೆಗೆ ತೆಗೆದಿಡುತ್ತಿದ್ದೆ.

ಎರಡನೆಯದರ ಮಾತೇ ಬೇರೆ.
ಅಲ್ಲಿ ಕತ್ತಿಗೆ ತೂಕವಿತ್ತು. ಬೀಸಿದರೆ ಇಡೀ ಮೈ ತಿರುಗುತ್ತಿತ್ತು,
ತಪ್ಪಿದರೆ ಕಲ್ಲಿಗೆ ಬಡಿದು ನನ್ನ ಅಂಗೈ ಜುಮ್ಮೆನ್ನುತ್ತಿತ್ತು.
ಸೇತುವೆ ಮೇಲೊಬ್ಬ ಉದ್ದನೆಯ ಸವಾರ, ಕುದುರೆ ಸತ್ತವನು,
ಹನ್ನೊಂದು ದಿನ ಕೊಂದ ನನ್ನ.
ಉಳಿಸಿಕೊಳ್ಳುವುದು ದೀಪದ ಬಳಿ ಮಾತ್ರ.
ದೀಪ ಸೇತುವೆಯಾಚೆ.
ಹನ್ನೆರಡನೆಯ ದಿನ ಗೊತ್ತಾಯಿತು:
ಕತ್ತಿ ನೋಡಬಾರದು, ಭುಜ ನೋಡಬೇಕು.
ಸರಿಯಾದ ಗಳಿಗೆಗೆ ತಡೆದರೆ ಒಂದು ಸದ್ದು,
ಟಣ್,
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಚೊಂಬು ಕೊಳ್ಳುವವರು
ಬೆರಳ ಗೆಣ್ಣಿನಿಂದ ಹೊಡೆದು ನೋಡುವ ಹಾಗೆ.

ಮೂರನೆಯದನ್ನು ಲೋಕವೇ ಹೊಗಳಿತು.
ಯಾವ ಗುಂಡಿ ಒತ್ತಿದರೂ ಬೆಂಕಿ, ಮಿಂಚು, ಪಲ್ಟಿ;
ಮದುವೆಮನೆಯ ಸೀರಿಯಲ್ ಸೆಟ್ಟು.
ನಕಾಶೆ ಬಿಚ್ಚಿದರೆ ದಡಾರ ಎದ್ದ ಮೈ:
ನೂರಹನ್ನೆರಡು ಬಾವುಟ ಕೀಳು, ಎಪ್ಪತ್ತು ಬೇರು ಅಗೆ,
ಕಳೆದ ಮೇಕೆ ಹುಡುಕು,
ಮತ್ತೆ ಕಳೆದ ಅದೇ ಮೇಕೆ ಹುಡುಕು.
ಯತಿರಾಜ ನೂರಕ್ಕೆ ನೂರು ಮುಗಿಸಿದ.
ನಾನು ನಲವತ್ತರಲ್ಲಿ ಬಿಟ್ಟೆ. ಆಗಷ್ಟೇ
ನನಗೆ ಕೆಲಸ ಸಿಕ್ಕಿತ್ತು, ಮೀಟರು ಓದುವುದು,
ದಿನಕ್ಕೆ ನೂರಹನ್ನೆರಡು ಮನೆ.

(ನಾಲ್ಕನೆಯದೂ ಬಂದಿದೆಯಂತೆ. ನಾಲ್ಕೇಟು ಹೊಡೆದರೆ
ಅದರಲ್ಲಿ ದಮ್ಮು ಕಟ್ಟುತ್ತದಂತೆ.
ಅದಕ್ಕೆ ಆಟ ಯಾಕೆ,
ಪೆನ್ಷನ್ ಮೊಹಲ್ಲಾದ ಮಹಡಿ ಮೆಟ್ಟಿಲು ಸಾಲದೆ.)

ಇವತ್ತು ಹೋದದ್ದು ಓದಲು ಅಲ್ಲ, ಫ್ಯೂಸು ಕೀಳಲು.
ಮೂರು ತಿಂಗಳ ಬಾಕಿ; ಬಿಲ್ಲು ಇನ್ನೂ
ತೀರಿಹೋದ ಯಾರದೋ ಹೆಸರಲ್ಲಿ.
ಜವರಪ್ಪ ಕಂಬಕ್ಕೆ ಏಣಿ ಒರಗಿಸಿದ.
ಬಾಗಿಲು ತೆರೆದೇ ಇತ್ತು. ಯೂನಿಫಾರಮ್ಮು ಬಿಚ್ಚದ ಹುಡುಗಿ
ಟೀವಿಯಿಂದ ಮುಖ ತಿರುಗಿಸದೆ ಅಂದಳು:
ಅಮ್ಮಿ ಗಾರ್ಮೆಂಟ್ಸಿಂದ ಆರಕ್ಕೆ ಬರ್ತಾರೆ ಸಾರ್.
ಅವಳ ಮೊಣಕಾಲ ಬಳಿ ಬಣ್ಣಗೆಟ್ಟ ಪೆಟ್ಟಿಗೆ,
ಮೂಲೆಯಲ್ಲಿ ಬಿಳಿ ಪೇಂಟಿನ ೭,
ಇಲಿಯಾಸಣ್ಣನ ಕೈಬರಹ.
ಪಾರ್ಲರು ಮುಚ್ಚಿದಾಗ ಎಲ್ಲಿಗೆ ಹೋದವೋ ಅಂದುಕೊಂಡಿದ್ದೆ.

ಸೇತುವೆ. ಉದ್ದನೆಯ ಸವಾರ.
ಅವಳ ಜೀವ ಉಗುರಿನಷ್ಟು ಕೆಂಪು.
ಕತ್ತಿಯನ್ನೇ ನೋಡುತ್ತಿದ್ದಾಳೆ, ಪಾಪ.
ನಾಲಗೆ ತುದಿಗೆ ಬಂತು ನನಗೆ. ನುಂಗಿಕೊಂಡೆ:
ಹನ್ನೊಂದು ದಿನದ ಸಾವು
ಯಾರಿಗಾದರೂ ಸುಮ್ಮನೆ ಕೊಟ್ಟುಬಿಡುವಂಥದಲ್ಲ.
ಅಂಗಳಕ್ಕಿಳಿದು ಮೀಟರ್ ಬೋರ್ಡಿನ ಧೂಳು ಒರೆಸುತ್ತ
ಇಲ್ಲದ ಕೆಲಸ ಮಾಡಿದೆ.

ಕೀಳ್ಲಾ ಸಾ?

ಒಳಗಿಂದ, ಟಣ್.
ಆಮೇಲೆ ಎಷ್ಟೋ ಹೊತ್ತು ಏನಿಲ್ಲ.
ಆಮೇಲೆ ಟಣ್, ಟಣ್,
ಹುಡುಗಿ ಉಸಿರು ಬಿಟ್ಟದ್ದು ಬೀದಿಗೆ ಕೇಳಿತು.

ಮುಗೀತಾ ಸಾ? ಕೀಳ್ಲಾ?

ತಡಿ ಜವರಣ್ಣ,
ಅವನು ಬಿದ್ದು ಇನ್ನೊಂದು ಸಲ ಏಳ್ತಾನೆ.

ಯಾರು ಸಾ?
ಏಣಿಯ ನಡುವೆ ನಿಂತು ಜವರಪ್ಪ
ಬೀದಿಯ ಎರಡೂ ತುದಿ ನೋಡಿದ.