ಎಂಟನೆಯದು

ಹಾಳೆಯಲ್ಲಿ ಒಂಬತ್ತು ಕಾಲಂ:
ತಾರೀಖು, ಗಂಟೆ, ಗಾಳಿ, ಉಬ್ಬರವೋ ಇಳಿತವೋ,
ಬಿಳಿ ಎಷ್ಟು, ಬೂದು ಎಷ್ಟು, ಮರಿ ಎಷ್ಟು,
ಯಾವ ದಿಕ್ಕಿಗೆ ಹೋದವು.
ಕೊನೆಯದು ‘ಇತರೆ’, ಹೆಬ್ಬೆರಳಗಲ.

ಮೂವತ್ತೊಂದು ವರ್ಷ ಮೀನಿನ ಕಾರ್ಖಾನೆಯಲ್ಲಿ
ಸಾಲ್ಮನ್ ತೂಕ ಬರೆದ ಕೈ ಇದು.
ಒಂದು ಪೌಂಡು ಆಚೀಚೆಯಾದರೂ ನಿದ್ದೆ ಬಾರದು.
ಈಗ ಸಂಬಳವಿಲ್ಲದ ಗುಮಾಸ್ತ,
ಕೀನೈ ನದಿ ಕಡಲಿಗೆ ಬೀಳುವಲ್ಲಿ ದಿಬ್ಬದ ಮೇಲೆ
ಮಡಚುವ ಕುರ್ಚಿ, ದುರ್ಬೀನು, ಎರಡು ಪೆನ್ಸಿಲ್.
ಚಳಿಗೆ ಪೆನ್ನು ಮಾತು ಬಿಡುತ್ತದೆ.
ಎದುರು ದಡದಲ್ಲಿ ಜ್ವಾಲಾಮುಖಿ,
ತಲೆ ತುಂಬ ಹಿಮ ಹೊತ್ತು
ಕೆಲಸವಿಲ್ಲದವನ ಹಾಗೆ ನಿಂತಿದೆ.

ಬೆಲುಗಾ ಎಂದು ಮೊದಲ ವಾರ
ನಾನು ಎಣಿಸಿದ್ದೆಲ್ಲ ಅಲೆಯ ನೊರೆ.
ಎರಡನೆಯ ವಾರ ಒಂದು ಕಡಲಹಕ್ಕಿ,
ಮತ್ತೆ, ತೇಲಿಬಂದ ಫ್ರಿಜ್ಜಿನ ಬಾಗಿಲು.
ಅದಕ್ಕೂ ದಿಕ್ಕು ಬರೆದಿದ್ದೆ: ವಾಯವ್ಯ.

ಬರಬರುತ್ತ ತಿಳಿಯಿತು.
ನೊರೆ ಮೂಡುತ್ತದೆ, ಒಡೆಯುತ್ತದೆ.
ತಿಮಿಂಗಿಲ ಮೂಡುತ್ತದೆ, ಒಂದು ಚಣ ತಡೆಯುತ್ತದೆ,
ಆಮೇಲೆ ಜಾರುತ್ತದೆ.
ಆ ತಡೆದದ್ದರಲ್ಲೇ ಇರುವುದು ಜೀವ.

ಫೆಡೋಷಿಯಾ ಬರುವುದು
ಉಬ್ಬರಕ್ಕೆ ಅರ್ಧ ಗಂಟೆ ಮುಂಚೆ,
ಗಡಿಯಾರ ನೋಡದೆ. ಎಂಬತ್ತಮೂರು.
ಎರಡೂ ಕಣ್ಣಿಗೆ ಪೊರೆ.
ಕಡಲಿಗೆ ಮುಖ ಮಾಡಿ ಕೂರುವುದಿಲ್ಲ,
ಎಡಗಿವಿ ಮಾಡಿ ಕೂರುತ್ತಾಳೆ.
ಅವಳ ಡೆನಾಯಿನಾ ನುಡಿಯಲ್ಲಿ ಇದು ಕುಯುಶಿ.
ನಾನು ಹೇಳಿದರೆ ಸೀನಿದಂತಿದೆ ಎಂದು ನಗುತ್ತಾಳೆ.

ಅವಳ ಮುತ್ತಜ್ಜ ಸ್ಪ್ರೂಸ್ ಮರವೊಂದನ್ನು ಬುಡಮೇಲು ಮಾಡಿ
ಇಳಿತದ ಕೆಸರಿನಲ್ಲಿ ನೆಟ್ಟು,
ಮೇಲೆದ್ದ ಬೇರುಗಳ ಗೂಡಿನಲ್ಲಿ ಈಟಿ ಹಿಡಿದು
ನೀರು ಏರುವುದನ್ನೇ ಕಾಯುತ್ತಿದ್ದನಂತೆ.
“ನೀನೂ ಕಾಯುತ್ತೀ.
ಅವನು ಎಣ್ಣೆಗೆ, ನೀನು ಅಂಕಿಗೆ.”

ಸೆಪ್ಟೆಂಬರ್ ಹನ್ನೆರಡು. ನಾಲ್ಕು ಇಪ್ಪತ್ತು.
ನೀರು ಕಲಸಿಟ್ಟ ಸಿಮೆಂಟಿನ ಬಣ್ಣ.
ಮೀನಿನ ಬೆನ್ನುಹತ್ತಿ ಬಂದವು, ನದಿಯ ಬಾಯಿಗೆ,
ಬಿಳಿ ಐದು, ಬೂದು ಎರಡು.
ಮೂರು ಸಲ ಎಣಿಸಿದೆ. ಏಳು.
“ಎಂಟು,” ಎಂದಳು ಫೆಡೋಷಿಯಾ, ಇತ್ತ ತಿರುಗದೆ.
“ಎಂಟನೆಯದು ಪುಟ್ಟದು.
ತಾಯಿಯ ಉಸಿರು ಮುಗಿಯುವ ಮೊದಲೇ
ತನ್ನದನ್ನು ಸೇರಿಸಿಬಿಡುತ್ತದೆ.”

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದೆ.
ಮರಿ ಹುಟ್ಟುವುದು ಆ ನೀರಿನದೇ ಬಣ್ಣದಲ್ಲಿ.
ಕಂಡರೂ ಪ್ರಮಾಣಿಸಿ ನೋಡುವ ಜಾತಿಯವನು ನಾನು,
ಕಾಣದ್ದನ್ನು ಹೇಗೆ ಬರೆಯಲಿ?
ಏಳು ಎಂದೇ ಬರೆದೆ.

“ಓದು,” ಎಂದಳು. ಓದಿದೆ.
ಫ್ಲಾಸ್ಕಿನ ಬಿರಡೆ ತಿರುವುತ್ತ ಹೇಳಿದಳು:
“ನಮ್ಮಪ್ಪನೂ ದಡಕ್ಕೆ ಎಳೆದದ್ದನ್ನಷ್ಟೇ ಎಣಿಸುತ್ತಿದ್ದ.
ಗಾಯವಾಗಿ ಮುಳುಗಿದ್ದು
ಯಾರ ಲೆಕ್ಕದಲ್ಲೂ ಇರಲಿಲ್ಲ.
ಊರೆಲ್ಲ ಕೇಳಿತು ಆಮೇಲೆ,
ಇಷ್ಟೊಂದಿದ್ದವು, ಎಲ್ಲಿ ಹೋದವು ಎಂದು.”
ಚಹಾ ಕೊಟ್ಟಳು. ಸಕ್ಕರೆ ಮರೆತಿದ್ದಳು.

ಬೆರಳು ಸೆಟೆದುಕೊಂಡಿತ್ತು.
ಹೆಬ್ಬೆರಳಗಲದ ಕಾಲಮ್ಮಿನಲ್ಲಿ ಬರೆದೆ,
ಇರುವೆಯಷ್ಟು ಅಕ್ಷರದಲ್ಲಿ:
ಕೇಳಿಸಿತು, ಒಂದು. ನನಗಲ್ಲ.

ಮರುದಿನ ಸೊನ್ನೆ. ಅದರ ಮರುದಿನವೂ.
ಸೊನ್ನೆಯನ್ನೂ ದುಂಡಗೆ ಬರೆಯಬೇಕು.
ಬಂದು ಕಾಣದ ದಿನ ಬೇರೆ,
ಬಾರದೆ ಉಳಿದ ದಿನ ಬೇರೆ.

ಹದಿನೈದಕ್ಕೆ, ಗಾಳಿ ಸತ್ತಿದ್ದಾಗ,
ಕುರ್ಚಿಯನ್ನು ಕೊಂಚ ಓರೆಯಾಗಿ ಇಟ್ಟೆ.
ಟೋಪಿಯ ಕಿವಿಗಳನ್ನು ಮೇಲೆ ಕಟ್ಟಿದೆ.
ಫೆಡೋಷಿಯಾ ಏನೂ ಅನ್ನಲಿಲ್ಲ,
ತನ್ನ ಚೀಲ ಸರಿಸಿ
ಕಾಲಿಗೆ ಜಾಗ ಮಾಡಿಕೊಟ್ಟಳು.