ನಡುಹೊಳೆ

ಗ್ರಿಮ್ಸ್‌ಬಿಯ ನಮ್ಮ ಚರ್ಚಿನ ಹಿಂದಿನ ಹಾಲ್‌ನಲ್ಲಿ
ಲೆಂಟಿನ ಮೂರನೆಯ ಗುರುವಾರ
ಹಳೆ ಹಾಡಿನ ಪುಸ್ತಕ ನಾಲ್ಕು ಒಟ್ಟಿ, ಮೇಲೆ ಪ್ರೊಜೆಕ್ಟರ್ ಇಟ್ಟು
ಸಿನಿಮಾ ನೋಡಿದೆವು, ಹನ್ನೊಂದು ಜನ.
ನನಗೆ ಚಹಾದ ಪಾಳಿ.

ಬೆಟಗೇರಿಯ ನಮ್ಮಜ್ಜಿ, ಮಿಶನ್ ಮಗ್ಗದಲ್ಲಿ ಬೆನ್ನು ಬಾಗಿಸಿಕೊಂಡಾಕೆ,
ಟಾಕೀಜಿನ ಮುಂದೆ ಹಾಯುವಾಗ ನನ್ನ ಕಣ್ಣು ಮುಚ್ಚುತ್ತಿದ್ದಳು:
"ಕತ್ತಲ್ಯಾಗ ಕುಂತು ನೋಡೂದು ಯಾವುದೂ ದೇವರದ್ದಲ್ಲವ್ವಾ."

ಕಥೆ ಇಷ್ಟೇ. ಉತ್ತರದ ಯಾವುದೋ ದೇಶ, ಮಂಜು,
ಹಗ್ಗ ಎಳೆದು ಹೊಳೆ ದಾಟಿಸುವ ದೋಣಿ.
ದೋಣಿಯವ ಕುಡಿದಿದ್ದ. ಹುಡುಗಿಯೊಬ್ಬಳು ನೀರಿಗೆ ಬಿದ್ದಳು.
ತಿರುಗಿ ನೋಡಿದ. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ.
ಮೂರು ದಿನ ಎಲ್ಲರಿಗಿಂತ ಮುಂದೆ ನಿಂತು ಹುಡುಕಿದ,
ಊರು ಅವನ ಬೆನ್ನು ತಟ್ಟಿತು.
ಆಮೇಲೆ ಇಪ್ಪತ್ತು ವರುಷ, ಪ್ರತಿ ಶನಿವಾರ,
ಆಚೆ ದಡದ ಸಮಾಧಿಗೆ ಹೂ ಒಯ್ಯುವ ತಾಯಿಯನ್ನು
ಅವನೇ ದಾಟಿಸುತ್ತಾನೆ. ಕೂಲಿ ಬೇಡವೆನ್ನುತ್ತಾನೆ.
ಅವಳು ಒಂದು ರೊಟ್ಟಿ ಕೊಡುತ್ತಾಳೆ.
ಅವನು ನುಂಗುವುದನ್ನು ಕ್ಯಾಮೆರಾ ಎಷ್ಟು ಹೊತ್ತು ನೋಡುತ್ತದೆಂದರೆ
ನನ್ನ ಗಂಟಲು ಒಣಗಿತು.

ಕೊನೆಗೆ ನಡುಹೊಳೆಯಲ್ಲಿ ಹಗ್ಗ ಬಿಡುತ್ತಾನೆ.
ಬಾಯಿ ತೆರೆಯುತ್ತಾನೆ.
ಪರದೆ ಕಪ್ಪು.

ದೀಪ ಹಾಕಿದ ಮೇಲೂ ಯಾರೂ ಯಾರ ಮುಖ ನೋಡಲಿಲ್ಲ.
"ಇದರಲ್ಲಿ ದೇವರೆಲ್ಲಿ?" ಅಂದರು ಮಿಸೆಸ್ ಬ್ಲೆಂಕಿನ್
ಬಿಸ್ಕತ್ತಿನ ಡಬ್ಬಿ ತೆರೆಯುತ್ತ,
"ಒಂದು ಕಿಟಕಿಯನ್ನಾದರೂ ತೆಗೆದು ತೋರಿಸಬಾರದಿತ್ತೇ?"
ಪಾದ್ರಿ ಫಿಲಿಪ್ಪಾ ಮೆಲ್ಲಗೆ:
"ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಒಂದು ಶನಿವಾರವಿದೆ.
ಕಲ್ಲು ಮುಚ್ಚಿದೆ, ಒಳಗೆ ಆತನಿದ್ದಾನೆ, ಉಸಿರಿಲ್ಲ.
ನಾವು ಆ ದಿನವನ್ನು ಮೊಟ್ಟೆಗೆ ಬಣ್ಣ ಬಳಿಯುತ್ತ ಕಳೆಯುತ್ತೇವೆ."
ಇಫಿಯೋಮಾ ಒಪ್ಪಲಿಲ್ಲ:
"ವಾರ್ಡಿನಲ್ಲಿ ನನಗೆ ವಾರವಿಡೀ ಶನಿವಾರವೇ.
ಸಂಜೆಗೂ ಅದೇ ಬೇಕಾ?"

ನಾನೂ ಬಾಯಿ ಹಾಕಿದೆ, ಅಜ್ಜಿಯ ಮೊಮ್ಮಗಳು:
"ಒಪ್ಪಿಕೊಳ್ಳದವನಿಗೆ ಕ್ಷಮೆ ಎಲ್ಲಿಯದು?
ಆ ತಾಯಿಗೆ ಗೊತ್ತೇ ಇರಲಿಲ್ಲ.
ಗೊತ್ತಿದ್ದರೆ ಯಾವ ತಾಯಿ ರೊಟ್ಟಿ ಕೊಟ್ಟಾಳು?"
ಒಂದಿಬ್ಬರು ತಲೆದೂಗಿದರು. ನನಗೆ ಹಿತವಾಯಿತು.

ಕಪ್ಪು-ಬಸಿ ತೊಳೆಯಲು ಡೆಸ್ಮಂಡ್ ಬಂದ.
ಎಂಬತ್ತೊಂದು ವಯಸ್ಸು, ಮೀನುಹಡಗುಗಳಿದ್ದ ಕಾಲಕ್ಕೆ
ದಡದಲ್ಲಿ ಕೂತು ರೇಡಿಯೋ ಆಲಿಸುವ ಕೆಲಸ ಅವನದು.
ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.
ತೋಳು ಮಡಚಿ, ನೊರೆಯೊಳಗೆ ಕೈ ಮುಳುಗಿಸಿ, ಗೋಡೆಗೆ ಹೇಳುವಂತೆ:
"ಆ ಜನವರಿಯ ರಾತ್ರಿ ನಾನು ಹೆಡ್‌ಫೋನ್ ತೆಗೆದಿಟ್ಟಿದ್ದೆ.
ಹತ್ತು ನಿಮಿಷ. ಕಿವಿ ನೋಯುತ್ತಿತ್ತು."
ನಲ್ಲಿ ತಿರುಗಿಸಿದ. ನಿಲ್ಲಿಸಿದ.
"ಹದಿನಾಲ್ಕು ಜನ. ಒಬ್ಬನ ಹೆಂಡತಿ ಇನ್ನೂ ಇದ್ದಾಳೆ.
ಹನ್ನಾ, ನಿಜ ಹೇಳು,
ಆ ತಾಯಿಗೆ ಗೊತ್ತಿರಲಿಲ್ಲ ಅಂತೀಯಾ?"

ಒಣಗಿದ್ದ ಕಪ್ಪನ್ನೇ ಮತ್ತೆ ಒರೆಸಿದೆ.
ಹಿಡಿದುಕೊಡುವವನು ಯಾರೆಂದು ಗೊತ್ತಿದ್ದೂ
ಆ ಕೊನೆಯ ಊಟದಲ್ಲಿ ತುಂಡು ಅದ್ದಿ
ಅವನ ಕೈಗೇ ಕೊಟ್ಟದ್ದು ನೆನಪಾಯಿತು.
ಬಾಯಿವರೆಗೂ ಬಂತು. ಹೇಳಲಿಲ್ಲ.
ಆ ಕಥೆಯಲ್ಲಿ ತಿಂದವನು ಎದ್ದು ಹೋಗುತ್ತಾನೆ,
ಅಲ್ಲಿಯೂ ಮುಂದೊಂದು ಹಗ್ಗವಿದೆ.

"ಆಗ ನಾನು ಹೇಳಿದ್ದು ತಪ್ಪು ಡೆಸ್ಮಂಡ್" ಅಂದೆ.
ಅವನು ಇನ್ನೊಂದು ಬಸಿ ತೊಳೆದು ಚಾಚಿದ.

ಬಾಗಿಲಲ್ಲಿ ಮಿಸೆಸ್ ಬ್ಲೆಂಕಿನ್, ಕೋಟು ಹಾಕಿ ಹೊರಟವರು,
ಕಾಗದದಲ್ಲಿ ಸುತ್ತಿದ ಎರಡು ಬಿಸ್ಕತ್ತು ಹಿಡಿದು:
"ಯಾವತ್ತಿನಂತೆ, ನಿನಗೆ ನಾಳೆ ಬೆಳಗಿನ ಚಹಾಕ್ಕೆ."

ಅವನ ಎರಡೂ ಕೈ ಒದ್ದೆ.
ನನ್ನ ಹೆಗಲ ಮೇಲಿನ ಬಟ್ಟೆ ತೆಗೆದು ಕೊಟ್ಟೆ.